ಹುಣಸೆಬೀಜದಷ್ಟು ಮುಚ್ಚಳ

ನೊಣ ಮತ್ತೆ ಅಲ್ಲೇ ಬಂದು ಕೂತಿತು, ಮುಚ್ಚಳದ ಮೇಲೆಯೇ, ಇಡೀ ಟ್ಯಾಂಕಿನಲ್ಲಿ ಅದಕ್ಕೆ ಬೇರೆ ಜಾಗವೇ ಸಿಗಲಿಲ್ಲವೇನೋ, ಮೇಲೆ ಗುಮ್ಮಟವಿದೆ, ಹಿಂದೆ ಇಂಜಿನ್ನಿನ ಜಾಲರಿ ಇದೆ, ಮುಂದೆ ಇಷ್ಟುದ್ದ ಚಾಚಿದ ತೋಪಿದೆ, ಅದೆಲ್ಲ ಬಿಟ್ಟು ತೋಪಿನ ನೆರಳಲ್ಲಿ ಹುಣಸೆಬೀಜದಷ್ಟು ಕಾಣುವ ಆ ಮುಚ್ಚಳದ ಮೇಲೇ ಕೂತು ಕಾಲು ಉಜ್ಜಿಕೊಳ್ಳುತ್ತಿದೆ, ಹಸಿ ಗೋಂದಿನ ವಾಸನೆ ಹಿಡಿದು ಬಂದದ್ದು, ಹಾಳಾದ್ದು, ಹೋಗು — ಏಜಾಜ ಕುಂಚದ ಹಿಂಬದಿಯಿಂದ ಅದನ್ನು ಓಡಿಸಿದ, ಅದು ಕಿಟಕಿಯ ಸರಳಿಗೆ ಹೋಗಿ ಕೂತು ಇವನನ್ನೇ ನೋಡಿತು, ಅತ್ತ ಹೈಸ್ಕೂಲಿನ ಕಡೆಯಿಂದ ಮೈಕು, ಹಲೋ ಹಲೋ, ಒಂದು ಎರಡು ಮೂರು, ಹಲೋ, ಮೂರರಾಚೆ ಎಣಿಸಲು ಬಾರದವನೊಬ್ಬನನ್ನು ಹಿಡಿದು ತಂದು ಮೈಕಿನ ಮುಂದೆ ನಿಲ್ಲಿಸಿದ್ದಾರೆ, ಇನ್ನು ಸ್ವಲ್ಪ ಹೊತ್ತಿಗೆ ಅದೇ ಗಂಟಲಿನಲ್ಲಿ ನನ್ನ ತಮ್ಮನ ಹೆಸರನ್ನೂ ಕೂಗುತ್ತಾನೆ, ವೀರಯೋಧ ಆಸೀಫ್, ಹಲೋ, ವೀರಯೋಧ ಆಸೀಫ್, ಬದುಕಿದ್ದಾಗ ಈ ಶಹಾಪುರದಲ್ಲಿ ಅವನನ್ನು ಯಾರು ಆಸೀಫ್ ಎಂದಿದ್ದರು, ಏಜಾಜನ ತಮ್ಮ, ಪೇಂಟರನ ತಮ್ಮ, ಅಷ್ಟೇ, ನಮ್ಮ ಓಣಿಯ ಬಾಯಿಗೆ ಬಂದರೂ ಒಳಗೆ ಕಾಲಿಡದವರೆಲ್ಲ ಈಗ ನಮ್ಮ ಆಸೀಫ್ ನಮ್ಮ ಆಸೀಫ್ ಎನ್ನುತ್ತಾರೆ, ಸತ್ತ ಮೇಲೆ ಎಲ್ಲರ ಪಾಲಿಗೂ ಸಿಕ್ಕ, ನೀರಿಗೆ ಸಿಕ್ಕಂತೆ. ಹೋದ ಮಳೆಗಾಲ ಸೈನ್ಯದ ತಾಲೀಮಿನಲ್ಲಿ ಹೊಳೆ ದಾಟುವಾಗ ಅವನು ನಡೆಸುತ್ತಿದ್ದ ಟ್ಯಾಂಕು ಗುಂಡಿಗಿಳಿದು ಮುಳುಗಿತು, ಯುದ್ಧವಿಲ್ಲ, ವೈರಿಯಿಲ್ಲ, ಒಂದು ಗುಂಡಿ, ಅಷ್ಟು ಕೆಸರು, ಇವತ್ತು ಮಧ್ಯಾಹ್ನ ಅವನು ಓದಿದ ಶಾಲೆಯಲ್ಲಿ ಅವನ ಫೋಟೋ ತೂಗುಹಾಕುತ್ತಾರೆ, ಫೋಟೋದ ಕೆಳಗೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಣ್ಣನ ಕೈಯಿಂದ ಈ ಟ್ಯಾಂಕು, ಮೊಳಕ್ಕಿಂತ ಗಿಡ್ಡ, ಕೆಸರು ಮೆತ್ತಿದ್ದು, ತೋಪು ನೆಟ್ಟಗೆ, ಮುಚ್ಚಳ ಮುಚ್ಚಿದ್ದು, ಹಾಗೇ ಇರಬೇಕು, ಹಾಗೇ ಇಡುತ್ತೇನೆ, ಯಾರು ಬಂದು ಹೇಳಿದರೂ.

ಯಾರು ಬಂದು ಹೇಳುವುದೇನು, ಬಂದೇ ಹೋದ, ಭೀಮರಾಯ, ಆಗಲೇ, ಚಹಾದ ಕಪ್ಪು ಇನ್ನೂ ಅಲ್ಲೇ ಇದೆ, ಶಾಲೆಯಲ್ಲಿ ಆಸೀಫನ ಮಗ್ಗುಲಿಗೆ ಒಂದೇ ಬೆಂಚಿನಲ್ಲಿ ಕೂತವನು, ಈಗ ಬೀಜ ಗೊಬ್ಬರದ ಅಂಗಡಿ, ಹಳೆ ಹುಡುಗರ ಸಂಘಕ್ಕೆ ಅವನೇ ಮುಖಂಡ, ಬಿಳಿ ಅಂಗಿಯ ಜೇಬಿಗೆ ಮೂರು ಬಣ್ಣದ ಪಟ್ಟಿ ಚುಚ್ಚಿಕೊಂಡು ಬಂದು ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟ — ಯಾಕ್ರಿ ಏಜಾಜಭಾಯಿ, ಟ್ಯಾಂಕ್ ಮಾಡ್ರಿ ಅಂದ್ರ ಭತ್ತದ ಗದ್ದಿಗಿ ಇಳದ ಟ್ರ್ಯಾಕ್ಟರ್ ಮಾಡೀರಲ್ಲ, ಯಾದಗಿರಿಯಿಂದ ಸಾಹೇಬ್ರು ಬರಾಕತ್ತಾರ, ಇಂಥ ಹೊಲಸ ಗಾಡಿ ಪೆಟಗ್ಯಾಗ ಇಟ್ರ ಏನ್ ತಿಳಕೋತಾರ, ಒಂದ್ ಕೈ ತೊಳದು ಮ್ಯಾಲ ಮಿಂಚೋ ವಾರ್ನಿಶ್ ಹೊಡೀರಿ. ಕೆಲಸ ಮಾಡೋ ಗಾಡಿ ಹಿಂಗೇ ಇರ್ತದ ಭೀಮರಾಯ, ನಿಂತ ಗಾಡಿ ಮಿಂಚ್ತದ, ಎಂದ ಏಜಾಜ, ಇನ್ನೂ ಸಮಾಧಾನದಿಂದಲೇ ಎಂದ. ಅಯ್ಯ, ಇದು ಕೆಲಸ ಮಾಡೋದಲ್ರಿ, ನೋಡೋದು, ಮದಿವಿಗಿ ಹೊಂಟ ಗಾಡಿ ತೊಳ್ಯಾಂಗಿಲ್ಲೇನು, ಎಂದು ನಕ್ಕ ಭೀಮರಾಯ, ಆಮೇಲೆ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ, ಆದ್ರ ತೋಪು ಮಾತ್ರ ಬೆಸ್ಟ್ ಕುಂತದ ನೋಡ್ರಿ, ನೆಟ್ಟಗ, ಎದಿ ಉಬ್ಬಿಸಿದಂಗ, ಅದನ್ನ ಒಟ್ಟ ಮುಟ್ಟಬ್ಯಾಡ್ರಿ. ಮುಟ್ಟಾಂಗಿಲ್ಲ, ಎಂದ ಏಜಾಜ, ಹಲ್ಲು ಕಚ್ಚಿ, ಅದನ್ನ ಯಾರೂ ಮುಟ್ಟಾಂಗಿಲ್ಲ — ಇವನ ಮುಖಕ್ಕೆ ಥಿನ್ನರ್ ಎರಚಬೇಕು ಅನ್ನಿಸಿತ್ತು, ಎರಚಲಿಲ್ಲ, ಯಾಕೆಂದರೆ ಹೋಗುವಾಗ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, ಅಮ್ಮಿ ಆರಾಮ ಅದಾಳೇನ್ರಿ, ಬಿಸಲಾಗ ನಡಸಬ್ಯಾಡ್ರಿ, ನಾ ಆಟೋ ಕಳಸ್ತೀನಿ, ಎಂದ, ಕೆಟ್ಟವನಲ್ಲ, ಅದೇ ಸಿಟ್ಟು, ಒಬ್ಬನಾದರೂ ಸರಿಯಾಗಿ ಕೆಟ್ಟವನಿದ್ದರೆ ಹಿಡಿದು ಬಡಿಯಬಹುದಿತ್ತು, ಎಲ್ಲರೂ ಒಳ್ಳೆಯವರೇ, ಒಳ್ಳೆಯವರೇ ಕೂಡಿಕೊಂಡು ತೊಳೆದು ಮಿಂಚಿಸಿ ಗಾಜಿನ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ. ತೊಳೀಬೇಕಂತೆ. ಈ ಕೆಸರು ಎಲ್ಲಿಂದ ಬಂತು ಎಂದು ಗೊತ್ತೇನಲೇ ನಿನಗೆ.

ಕೆಸರು ಮಾಡುವುದೆಂದರೆ ಮಣ್ಣು ಎರಚುವುದಲ್ಲ, ಗೋಗಿಯ ಹೊಲದ ಎರೆಮಣ್ಣು ತಂದರೆ ಒಣಗಿ ಇದ್ದಿಲಿನ ಹಾಗೆ ಕಂಡಿತು, ಗುಡ್ಡದ ಬುಡದ ಕೆಂಪು ತಂದರೆ ಇಟ್ಟಂಗಿ ಭಟ್ಟಿಯ ಗಾಡಿಯಾಯಿತು, ಕಡೆಗೆ ಎರಡನ್ನೂ ಬೆರೆಸಿ, ಸ್ವಲ್ಪ ಸುಣ್ಣ ಹಾಕಿ, ಹಂಚಿನಲ್ಲಿ ಹುರಿದು, ಹುರಿಯುವಾಗ ಅರ್ಜುಮಂದ ಒಳಗಿನಿಂದ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು, ಕ್ಯಾ ಜೀ, ರೊಟ್ಟಿ ಹಂಚಿನ್ಯಾಗ ಮಣ್ಣು ಹುರಿಯೋ ಗಂಡ ನನಗೊಬ್ಬಾಕಿಗೇ ಸಿಕ್ಕಾನೋ ಊರಾಗ ಇನ್ನೂ ಇದ್ದಾರೋ, ಎಂದಳು, ಎಂದವಳೇ ತನ್ನ ಹಳೆಯ ಮಲಮಲಿನ ಓಢಣಿ ಹರಿದು ಕೊಟ್ಟಳು, ಜರಡಿ ಬ್ಯಾಡ, ಇದರಾಗ ಸೋಸ್ರಿ, ಸಣ್ಣಗ ಬರ್ತದ, ಬಂತು, ಮೈಗೆ ಹಚ್ಚುವ ಪುಡಿಯ ಹಾಗೆ ಬಂತು, ಬಿಳಿ ಗೋಂದಿನಲ್ಲಿ ಕಲಸಿ ಚೈನಿಗೆ, ಗಾಲಿಗೆ, ಮಡ್‌ಗಾರ್ಡಿಗೆ, ಕೆಳಗೆ ದಪ್ಪ ಮೇಲೆ ತೆಳು, ನಮ್ಮ ಅಬ್ಬಾ ಸರದಾರಸಾಬ ಲಾರಿ ಬಾಡಿಗೆ ಬಣ್ಣ ಹೊಡೆಯುತ್ತ ಹೇಳುತ್ತಿದ್ದರು, ಧೂಳು ಮ್ಯಾಲಿಂದ ಬೀಳ್ತದ ಅಂತ ತಿಳಕೋಬ್ಯಾಡ ಬೇಟಾ, ಕೆಳಗಿಂದ ಏರ್ತದ, ಕೈ ಆಡದ ಜಾಗದಾಗ ಕುಂದರ್ತದ, ಕೈ ಆಡೋ ಜಾಗದಾಗ ಬಣ್ಣನೇ ಹೋಗ್ತದ, ಗಾಡಿ ನೋಡಿದ್ರ ಡ್ರೈವರ್ ಎಲ್ಲಿ ಹಿಡೀತಾನ ಎಲ್ಲಿ ಕಾಲಿಡ್ತಾನ ಗೊತ್ತಾಗಬೇಕು. ಅದಕ್ಕೇ ಮುಚ್ಚಳದ ಅಂಚಿಗೆ ಪೆನ್ಸಿಲಿನ ಸೀಸ ಉಜ್ಜಿದ್ದೇನೆ, ಬಣ್ಣ ಸವೆದು ಒಳಗಿನ ಉಕ್ಕು ಮಿಣುಕುವ ಹಾಗೆ, ಅಲ್ಲಿ ದಿನಾ ಆಸೀಫನ ಕೈ ಬೀಳುತ್ತಿತ್ತು, ಒಳಗಿಳಿಯುವಾಗ ಒಮ್ಮೆ, ಹೊರಬರುವಾಗ ಒಮ್ಮೆ, ಅವನು ಕಳಿಸಿದ ಫೋಟೋದಲ್ಲಿ ಆ ಮುಚ್ಚಳದಿಂದ ತಲೆ ಒಂದೇ ಹೊರಗೆ, ಕನ್ನಡಕ, ಮುಖದ ತುಂಬ ಧೂಳು, ಹಲ್ಲು ಮಾತ್ರ ಬಿಳಿ, ಭಾಯಿ, ನಾನು ಆಮೆ ಆಗೀನಿ, ಎಂದು ಫೋನಿನಲ್ಲಿ ನಕ್ಕಿದ್ದ. ಈ ಪ್ಲಾಸ್ಟಿಕ್ಕಿನ ಡಬ್ಬಿಯನ್ನೂ ಅವನೇ ತಂದದ್ದು, ಕಡೆಯ ರಜೆಗೆ ಬಂದಾಗ, ಬೂದುಬಣ್ಣದ ತುಂಡುಗಳು ಕಡ್ಡಿಗೆ ಅಂಟಿಕೊಂಡು ಡಬ್ಬಿ ತುಂಬ, ನೀನೇ ಜೋಡಿಸಿ ಬಣ್ಣ ಹಚ್ಚು ಭಾಯಿ, ನಂಬರ್ ಪ್ಲೇಟ್ ಬರದೂ ಬರದೂ ನಿನ್ನ ಕೈಗಿ ಜಂಗ್ ಹಿಡದದ, ಖರೇ ನನ್ನ ಗಾಡಿ ಕಂಡಂಗ ಕಾಣಬೇಕು, ಆ ಹೊತ್ತು ಊಟಕ್ಕೆ ಕೂತಿದ್ದೆವು, ಪುಂಡಿಪಲ್ಲೆ, ಬಿಸಿರೊಟ್ಟಿ, ಅಮ್ಮಿ ಒಲೆಯ ಮುಂದೆ ಬೆನ್ನು ಮಾಡಿ ಕೂತು ಬಡಿಯುತ್ತಿದ್ದಳು, ಟಪ್ ಟಪ್, ಅವನು ತಾಟಿನ ಮೇಲೆ ರೊಟ್ಟಿಯ ಚೂರಿಟ್ಟು ಅದು ಟ್ಯಾಂಕು, ಹಸಿಮೆಣಸಿನಕಾಯಿ ಇಟ್ಟು ಅದು ತೋಪು ಎಂದ, ನೋಡು ಭಾಯಿ, ನಂದು ಎಲ್ಲಾರಿಗಿಂತ ಮುಂದಿನ ಕುರ್ಚಿ, ತೋಪಿನ ಕೆಳಗ, ಮೆಣಸಿನಕಾಯಿ ಮಗ್ಗಲಕ್ಕ ಸರೀತೇನ, ನಾ ಹೊರಗ, ಮೆಣಸಿನಕಾಯಿ ನೆಟ್ಟಗ ಕುಂತತೇನ, ಮುಚ್ಚಳ ತೆರಿಯಾಂಗಿಲ್ಲ, ನಾ ಒಳಗ, ಅತ್ತಿ ಮನಿ ಬಾಗಿಲ ಇದ್ದಂಗ. ಅತ್ತಿ ಮನಿ ನಿನಗೇನ್ ಗೊತ್ತಪ್ಪ, ಹೆಣ್ಣು ತೋರಿಸಿದ್ರ ಓಡಿ ಹೋಗಾವ, ಎಂದಳು ಅರ್ಜುಮಂದ, ಎಲ್ಲರೂ ನಕ್ಕೆವು, ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ, ಟಪ್ ಟಪ್ ನಿಂತಿತ್ತು, ಅಮ್ಮಿ ತಿರುಗದೆ, ರೊಟ್ಟಿ ಆರ್ತದ, ಮೊದ್ಲ ತಿನ್ನು, ಎಂದಳು, ಅವನು ಮೆಣಸಿನಕಾಯಿ ಕಚ್ಚಿದ.

ಆ ದಿನ ತೋಪು ನೆಟ್ಟಗಿತ್ತು. ಅದನ್ನು ಹೇಳಿದವನು ರೇವಣಸಿದ್ದ, ಸುರಪುರದ ಕಡೆಯ ಹುಡುಗ, ಅದೇ ತುಕಡಿಯವನು, ರಜೆಗೆ ಬಂದವನು ಮನೆಗೆ ಬರಲು ಒಲ್ಲೆ ಎಂದ, ಅಮ್ಮಿ ಮಾರಿ ನೋಡೋ ಧೈರ್ಯ ಇಲ್ರಿ, ಸುರಪುರದ ಬಸ್‌ಸ್ಟ್ಯಾಂಡಿಗೆ ಬರ್ರಿ, ಹೋದೆ, ಚಹಾದಂಗಡಿಯ ಬೆಂಚಿನ ಮೇಲೆ ಬಸ್ಸಿನ ಗದ್ದಲದ ನಡುವೆ ನೆಲ ನೋಡುತ್ತ ಹೇಳಿದ, ಗುಂಡಿಗಿಳಿದಾಗ ಇಂಜಿನ್ ಕರೆಂಟು ಎಲ್ಲ ಹೋತ್ರಿ, ತೋಪು ಸೀದಾ ಅವನ ಮುಚ್ಚಳದ ಮ್ಯಾಲ ಇತ್ತು, ತಿರುಗಲಿಲ್ರಿ, ಮ್ಯಾಲ ಗುಮ್ಮಟದಾಗ ಇದ್ದವ್ರು ಹೊರಗ ಬಂದ್ರು, ಕೈಲೇ ತಿರಗಸಾಕ ನೋಡಿದ್ರು, ನೀರಾಗ ಮುಳಗಿ ಮುಳಗಿ ನೋಡಿದ್ವಿ, ಒಳಗಿಂದ ಬಡಿಯೋದು ಕೇಳತಿತ್ತು — ಅಷ್ಟಕ್ಕೆ ಬಾಯಿ ಮುಚ್ಚಿದ, ಅವನ ಗ್ಲಾಸಿನ ಮೇಲೂ ಒಂದು ನೊಣ ಕೂತಿತ್ತು, ಆಮೇಲೆ ಯಾರದೂ ತಪ್ಪಲ್ರಿ ಭಾಯಿ, ಯಾರದೂ ತಪ್ಪಲ್ಲ, ಎಂದು ಅತ್ತ. ಯಾರದೂ ತಪ್ಪಲ್ಲ. ಈ ಮಾತೊಂದು ಬಿಟ್ಟು ಬೇರೆ ಏನು ಹೇಳಿದ್ದರೂ ಅರಗಿಸಿಕೊಳ್ಳುತ್ತಿದ್ದೆ, ಒಬ್ಬನ ಹೆಸರು ಹೇಳೋ, ಅವನ ಕೊರಳಪಟ್ಟಿ ಹಿಡಿಯುತ್ತೇನೆ, ಜೈಲಿಗೆ ಹೋಗುತ್ತೇನೆ, ತಪ್ಪಿದ್ದರೆ ಮಾಫಿ ಇದೆ, ತಪ್ಪೇ ಇಲ್ಲವಾದರೆ ಮಾಫಿಯೂ ಇಲ್ಲ, ಈ ಸಿಟ್ಟನ್ನು ಎಲ್ಲಿ ಇಳಿಸಲಿ, ಯಾರ ಮನೆಯ ಅಂಗಳದಲ್ಲಿ ಸುರಿಯಲಿ, ನಮ್ಮ ಅಂಗಳದಲ್ಲಿ ಆ ದಿನ ನೀರು ಕಾದಿತ್ತು, ದೊಡ್ಡ ಹಂಡೆ, ಬೋರೆಹಣ್ಣಿನ ಗಿಡದ ಬಾರಿಎಲೆ ಹಾಕಿ ಕಾಸಿದ್ದು, ಮಯ್ಯತ್ತಿಗೆ ಗುಸಲು ಕೊಡಲು, ಹೆಣ ತೊಳೆಯುವುದು ನನ್ನ ಕೆಲಸ, ಅಬ್ಬಾ ಇಲ್ಲ, ಅಣ್ಣ ನಾನೇ, ಸಣ್ಣವನಿದ್ದಾಗ ಅದೇ ಅಂಗಳದಲ್ಲಿ ಕಿವಿ ಹಿಡಿದು ಸಾಬೂನು ಹಚ್ಚಿ ತೊಳೆದವನು ನಾನೇ, ತೋಳು ಮಡಚಿ ನಿಂತಿದ್ದೆ, ಬಾವುಟ ಹೊದ್ದ ಪೆಟ್ಟಿಗೆ ಬಂತು, ಸಂಗಡ ಬಂದವರು ಮೆತ್ತಗೆ, ಭಾಳ ಮೆತ್ತಗೆ ಹೇಳಿದರು, ಅಲ್ಲೇ ಎಲ್ಲ ಮುಗಿಸಿ ಕಳಿಸಿದ್ದೇವೆ, ದಯವಿಟ್ಟು ಮುಚ್ಚಳ ತೆರೆಯಬೇಡಿ. ಮುಚ್ಚಳ ತೆರೆಯಬೇಡಿ, ಊರಿನವರೂ ಹೂಂ ಎಂದರು, ತೆರಿಬ್ಯಾಡ, ತಾಯಿ ನೋಡಬಾರದು, ಹಂಡೆ ಆರಿತು, ಸಂಜೆ ಅದನ್ನು ಬೇವಿನ ಬುಡಕ್ಕೆ ಚೆಲ್ಲಿದೆ, ಎಲೆಗಳು ಬುಡದಲ್ಲಿ ಹಾಗೇ ಹಸಿರು ಹಸಿರಾಗಿ ಬಿದ್ದಿದ್ದವು, ಅಮ್ಮಿ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು, ಏಜಾಜ, ಅಂವಗ ಭಾಳ ತ್ರಾಸ ಆತೇನಪ್ಪ, ಎಂದು ಕೇಳಿದಳು, ಒಮ್ಮೆ ಕೇಳಿದಳು ಅಷ್ಟೇ. ಸುರಪುರದಿಂದ ಬಂದ ದಿನ ಅದಕ್ಕೆ ಉತ್ತರ ಹೇಳಿದೆ, ಇಲ್ಲ ಅಮ್ಮಿ, ಅವನ ದೋಸ್ತ ಸಿಕ್ಕಿದ್ದ, ಒಂದೇ ಕ್ಷಣ ಅಂತ, ಅಂವಗ ಗೊತ್ತ ಆಗಿಲ್ಲಂತ, ಹೂಂ, ಎಂದಳು ಅಮ್ಮಿ, ಒಂದೇ ಕ್ಷಣಾನಾ, ಛಲೋ ಆತು, ನಂಬಿದಳು, ನಂಬಲಿ, ಒಬ್ಬರಾದರೂ ಈ ಮನೆಯಲ್ಲಿ ನಿದ್ದೆ ಮಾಡಲಿ.

ಆದರೆ ನಾನು ಸುಳ್ಳು ಹೇಳಿದ್ದು ಅಮ್ಮಿಗೊಬ್ಬಳಿಗೇ, ಊರಿಗೆ ಹೇಳುವುದಿಲ್ಲ, ಅದಕ್ಕೇ ತೋಪು ನೆಟ್ಟಗಿದೆ, ಅದಕ್ಕೇ ಮುಚ್ಚಳ ಮುಚ್ಚಿದೆ, ಡಬ್ಬಿಯ ಮೇಲಿನ ಚಿತ್ರದಲ್ಲಿ ಮುಚ್ಚಳ ತೆರೆದಿತ್ತು, ನಾನು ಗೋಂದು ಹಚ್ಚಿ ಮುಚ್ಚಿದೆ, ಆಯಿತಲ್ಲ, ಹಾರ ಹಾಕಿ, ಚಪ್ಪಾಳೆ ತಟ್ಟಿ, ಎದೆ ಉಬ್ಬಿಸಿದಂಗೆ ಅದ ಅನ್ನಿ, ನೀವೆಲ್ಲ ನೋಡುತ್ತಿರುವುದು ಅವನು ಒಳಗೆ ಸಿಕ್ಕಿಕೊಂಡ ಹೊತ್ತನ್ನು, ಗೊತ್ತಾಗುವುದಿಲ್ಲ ನಿಮಗೆ, ಗೊತ್ತಾಗುವುದು ಬೇಡ, ನಾನಂತೂ ಗಾಜಿನಲ್ಲಿ ಇಡುತ್ತಿದ್ದೇನೆ — ಇನ್ನು ಮಿಂಚದ ವಾರ್ನಿಶ್ಶು ಒಂದು ಕೈ ಬಿದ್ದರೆ ಮುಗಿಯಿತು, ಮಣ್ಣು ಜನ್ಮದಲ್ಲಿ ಕದಲುವುದಿಲ್ಲ, ಅದು ಬೀಳುವ ತನಕ ಮಾತ್ರ ಭಯ, ಬರೀ ಗೋಂದು, ಬಿಸಿ ಬಟ್ಟೆ ತಗುಲಿದರೂ ಕರಗಿ ಹೋಗುತ್ತದೆ, ಸೀಸೆ ಅಲುಗಿಸಿದ, ತಳದಲ್ಲಿ ಗಟ್ಟಿಯಾದ ಕೆನೆ, ಥೂ, ಇವತ್ತೇ ಮುಗಿಯಬೇಕಿತ್ತೇ. ಬಾಗಿಲು ಮುಂದೆ ಮಾಡಿ ಹೊರಟ, ಅರ್ಜುಮಂದ, ಯಾರೂ ಮುಟ್ಟಬ್ಯಾಡ್ರಿ ಅದನ್ನ, ಎಂದು ಕೂಗಿದ, ನಮಗೇನ್ ಗ್ರಹಚಾರ ಜೀ, ಎಂದಳು ಒಳಗಿನಿಂದ, ಬಿಸಿಲು ನೆತ್ತಿಗೆ ಏರುತ್ತಿದೆ, ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸು ಕಟ್ಟಿದ್ದಾರೆ, ನನ್ನ ಹಳೆಯ ಅಂಗಡಿಯ ನೆತ್ತಿಯ ಮೇಲೆಯೇ, ಮೊದಲು ಅಂಥ ಬೋರ್ಡು ನಾನು ಬರೆಯುತ್ತಿದ್ದೆ, ನಿಂತ, ನೋಡಿದ, ಅದೇ ಫೋಟೋ, ಅದೇ ತಲೆ, ಕಂಪ್ಯೂಟರಿನಲ್ಲಿ ಮುಖ ತೊಳೆದಿದ್ದಾರೆ, ಧೂಳಿಲ್ಲ, ಗಲ್ಲದ ಮೇಲೆ ಸೈಕಲ್ಲಿನಿಂದ ಬಿದ್ದ ಗಾಯದ ಕಲೆ ಇಲ್ಲ, ತುಟಿಗೆ ಗುಲಾಬಿ ಬಣ್ಣ, ಕೆಳಗೆ ಎಲ್ಲಿಯದೋ ಪರದೇಶದ ಟ್ಯಾಂಕು, ಯಾರಿದು, ಯಾರ ತಮ್ಮ ಇವನು, ಬಣ್ಣದಂಗಡಿಯ ಗಯಾಸ ವಾರ್ನಿಶ್ಶಿನ ಡಬ್ಬಿ ಕೈಗಿಟ್ಟು, ಫ್ಲೆಕ್ಸ್ ಮಸ್ತ್ ಆಗ್ಯಾದ ಏಜಾಜಭಾಯಿ, ಆಸೀಫ್ ಹೀರೋ ಕಂಡಂಗ ಕಾಣಾಕತ್ತಾನ, ಎಂದ, ಹೌದಪ್ಪ, ಭಾಳ ಸ್ವಚ್ಛ ಆಗ್ಯಾನ, ಎಂದ ಏಜಾಜ, ಗಯಾಸನಿಗೆ ಅರ್ಥವಾಗಲಿಲ್ಲ, ಡಬ್ಬಿಯನ್ನು ಕಸಿದುಕೊಂಡಂತೆ ತೆಗೆದುಕೊಂಡು ಬಿರಬಿರನೆ ನಡೆದ, ತೊಳೆಯುತ್ತಾರೆ, ಎಲ್ಲರೂ ತೊಳೆಯುತ್ತಾರೆ, ನನಗೆ ತೊಳೆಯುವ ಹಕ್ಕಿದ್ದ ದಿನ ಬೇಡವೆಂದವರು ಈಗ ಸಾಲುಗಟ್ಟಿ ತೊಳೆಯುತ್ತಾರೆ, ಇದೊಂದನ್ನು ಬಿಡುವುದಿಲ್ಲ, ಇದೊಂದು ಕೆಸರು ಉಳಿಯುತ್ತದೆ, ಹೈಸ್ಕೂಲು ಬಿದ್ದುಹೋಗುವ ತನಕ ಉಳಿಯುತ್ತದೆ, ಮುಚ್ಚಳ ಮುಚ್ಚಿಯೇ ಇರುತ್ತದೆ.

ಬಾಗಿಲು ತೆರೆದಿತ್ತು. ಹೋಗುವಾಗ ಮುಂದೆ ಮಾಡಿದ್ದೆನಲ್ಲ — ಪಡಸಾಲೆಯಲ್ಲಿ ಅಮ್ಮಿ, ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಮಡಿಲಲ್ಲಿ ಟವಲು, ಟವಲಿನ ಮೇಲೆ ಟ್ಯಾಂಕು, ಪಕ್ಕದಲ್ಲಿ ಸ್ಟೀಲಿನ ಬಟ್ಟಲು, ಬಟ್ಟಲಿನಿಂದ ಸಣ್ಣಗೆ ಹಬೆ, ಕೈಯಲ್ಲಿ ಹತ್ತಿಯ ಉಂಡೆ, ಅಮ್ಮಿ, ಎಂದು ಚೀರಿದ ಏಜಾಜ, ಏನ್ ಮಾಡಾಕತ್ತಿ, ಏನ್ ಮಾಡೀ ನೀ, ಮುಟ್ಟಬ್ಯಾಡ್ರಿ ಅಂತ ಹೇಳಿ ಹೋಗಿದ್ದಿಲ್ಲೇನ, ಆ ಭೀಮರಾಯನ ಮಾತು ಕೇಳಿ ನೀನೂ ತೊಳಿಯಾಕ ಕುಂತೇನ, ನೀನೂ, ನಾ ಹ್ಯಾಂಗ ಮಾಡೀನಿ ನಿನಗೇನ್ ಗೊತ್ತು, ನಿನಗ ಏನೂ ಗೊತ್ತಿಲ್ಲ — ಅರ್ಜುಮಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು, ನಾ ನೋಡಿಲ್ಲ ಜೀ, ಖುದಾ ಕಸಮ್ ನಾ ನೋಡಿಲ್ಲ, ಎಂದಳು, ಏಜಾಜ ಕೈಯಲ್ಲಿದ್ದ ಡಬ್ಬಿಯನ್ನು ಎತ್ತಿದ್ದ, ಎಲ್ಲಿಗೆ ಒಗೆಯಬೇಕೆಂದಿದ್ದನೋ, ಗೋಡೆಗೋ, ಅಮ್ಮಿ ತಲೆ ಎತ್ತಲಿಲ್ಲ, ಹತ್ತಿಯನ್ನು ಬಟ್ಟಲಿನಲ್ಲಿ ಅದ್ದಿ ಹಿಂಡಿದಳು, ಬಟ್ಟಲಿನಲ್ಲಿ ಎಲೆಗಳು ತೇಲುತ್ತಿದ್ದವು, ಸಣ್ಣ ಸಣ್ಣ ದುಂಡು ಎಲೆಗಳು, ಬಾರಿಎಲೆ, ಹಿತ್ತಲಿನ ಗಿಡದ್ದು, ಅವನ ಕೈ ಮೇಲೆಯೇ ನಿಂತಿತು. ಎಲ್ಲಾ ತೊಳದಿಲ್ಲಪ್ಪ, ಎಂದಳು ಅಮ್ಮಿ, ನೀ ಹಚ್ಚಿದ ಕೆಸರು ಹಚ್ಚಿದಲ್ಲೇ ಅದ, ಅದು ಅವನ ಗಾಡಿದು, ಇರಲಿ, ನಾ ಅವನ ಬಾಗಿಲ ಅಷ್ಟೇ ತೊಳದೀನಿ. ನೋಡಿದ, ಹೌದು, ಚೈನಿನಲ್ಲಿ ಕೆಸರು ಹಾಗೇ ಇದೆ, ಗಾಲಿಯಲ್ಲಿ ಇದೆ, ಹಿಂದೆ ಇದೆ, ಮುಂದುಗಡೆ ಒಂದು ಬೊಟ್ಟಿನಷ್ಟು ಅಗಲ ಮಾತ್ರ ಸ್ವಚ್ಛ, ಅಂಚಿಗೆ ಉಜ್ಜಿದ ಸೀಸ ಮಿಣುಕುತ್ತಿದೆ, ಮತ್ತೆ ತೋಪು, ತೋಪು ನೆಟ್ಟಗಿಲ್ಲ, ಮಗ್ಗುಲಿಗೆ ಸರಿದಿದೆ, ಎಡಕ್ಕೆ, ಚೆನ್ನಾಗಿ ಎಡಕ್ಕೆ, ಬಿಸಿನೀರಿಗೆ ಗೋಂದು ಕರಗಿ ಮುಚ್ಚಳ ಮೇಲೆದ್ದು ನಿಂತಿದೆ, ಹೊಲಿಗೆಯ ಸೂಜಿ ಟವಲಿಗೆ ಚುಚ್ಚಿದೆ, ಅಮ್ಮಿ, ಎಂದ, ತೋಪು ಯಾಕ ತಿರಿವೀ. ಅಂವಗ ಹೊರಗ ಬರಾಕ ಜಾಗ ಬ್ಯಾಡೇನು, ಎಂದಳು ಅಮ್ಮಿ, ಮೆಣಸಿನಕಾಯಿ ಇಟ್ಟು ತೋರಿಸಿದ್ನಲ್ಲ, ನಾ ಒಲಿ ಮುಂದೇ ಕುಂತಿದ್ದೆ. ನಾನು ಒಂದೇ ಕ್ಷಣ ಅಂತ ಹೇಳಿದ್ದೆನಲ್ಲ — ಹೇಳಿದನೋ, ಬರೀ ಅಂದುಕೊಂಡನೋ. ನೀ ಒಂದೇ ಕ್ಷಣ ಅಂದಿ, ನಾ ಹೂಂ ಅಂದೆ, ಎಂದಳು, ಸುರಪುರದಿಂದ ಬಂದಾಗ ನಿನ್ನ ಮಾರಿ ನೋಡಬಾರದಂಗ ಇತ್ತು, ಮತ್ತೇನ್ ಅನ್ಲಿ.

ಹೊರಗೆ ಆಟೋ ಬಂದು ನಿಂತು ಹಾರ್ನ್ ಹೊಡೆಯುತ್ತಿದೆ, ಭೀಮರಾಯ ಕಳಿಸಿದ್ದು, ಮೈಕಿನಲ್ಲಿ ಹಲೋ, ಒಂದು ಎರಡು ಮೂರು, ಅಮ್ಮಿ ಬಟ್ಟಲು ಪಕ್ಕಕ್ಕೆ ಸರಿಸಿ ಟವಲಿನ ಸಮೇತ ಟ್ಯಾಂಕನ್ನು ಅವನ ಮುಂದೆ ಇಟ್ಟಳು, ಹಸುಗೂಸನ್ನು ಕೊಡುವ ಹಾಗೆ, ಏಜಾಜ ಕೂತ, ಬೆರಳಿಟ್ಟರೆ ತೋಪು ಮತ್ತೆ ನೆಟ್ಟಗಾಗುತ್ತದೆ, ಒಂದು ತೊಟ್ಟು ಗೋಂದು, ಒಂದು ಕೈ ವಾರ್ನಿಶ್ಶು, ಎಲ್ಲ ಮೊದಲಿನ ಹಾಗೇ ಆಗುತ್ತದೆ, ಆ ಸಿಟ್ಟೂ ಮೊದಲಿನ ಹಾಗೇ ಗಟ್ಟಿಯಾಗುತ್ತದೆ, ಬೆರಳು ಹೋಯಿತು, ತೋಪಿನ ತನಕ ಹೋಗಿ ನಿಂತಿತು, ಮುಚ್ಚಳದ ಒಳಗೆ ಬಣ್ಣವಿಲ್ಲ, ಒಳಗಡೆ ಯಾರು ನೋಡುತ್ತಾರೆ ಎಂದು ಹಚ್ಚಿರಲಿಲ್ಲ, ಆಸೀಫ್ ಡಬ್ಬಿಯಲ್ಲಿ ತಂದಾಗಿನ ಬೂದುಬಣ್ಣವೇ ಇದೆ, ಅಂಚಿನಲ್ಲಿ ಒಂದು ಹನಿ, ಬಾರಿಎಲೆಯ ನೀರು, ಇಳಿಯದೆ ನಿಂತದ್ದು, ನೊಣ ಸರಳಿನಿಂದ ಎದ್ದು ಬಂತು, ಅದೇ ಜಾಗಕ್ಕೆ, ಎದ್ದು ನಿಂತ ಮುಚ್ಚಳದ ಅಂಚಿಗೆ, ಹನಿಯನ್ನು ಮೂಸಿತು, ಒಳಗಿಣುಕಿತು, ಒಳಗಿಳಿಯಿತು, ಏಜಾಜ ಕೈ ಎತ್ತಲಿಲ್ಲ, ಹಾರ್ನು, ಹಲೋ ಹಲೋ, ಹೊರಗ ಬಾರೋ ಆಸೀಫ್, ಮುಚ್ಚಳ ತೆರೆದೇ ಇದೆ, ಹುಣಸೆಬೀಜದಷ್ಟು ಮುಚ್ಚಳ, ತೆರೆದದ್ದು, ತೆರೆದ ಮುಚ್ಚಳ —